ನಾಜಿಯಾಳ ಕಂಪ್ಯೂಟರ್ ಮತ್ತು ಎರಡು ಜಂಪರಿನ ಹೊತ್ತು

ದೋಸ್ತ ಇಮಾಮ್,

ನಿನ್ನ ಮಗಳಿಗೆ ಹತ್ತು ತುಂಬಿತು. ನೀನು ಅವಳಿಗೆ ಕೊಟ್ಟ ಮಾತು ನೆನಪಿದೆಯಲ್ಲ? ಬ್ಯಾಡಗಿಯ ನಮ್ಮಿಬ್ಬರ ಅಂಗಡಿಗಳಿಗೆ ನಡುವೆ ಇದ್ದದ್ದು ಒಂದೇ ಗೋಡೆ. ಈ ಕಡೆ ನನ್ನ ಹೊಲಿಗೆ ಯಂತ್ರ, ಆ ಕಡೆ ನಿನ್ನ ಟಿವಿ ರಿಪೇರಿ. ಶಾಲೆ ಬಿಟ್ಟ ಮೇಲೆ ನಾಜಿಯಾ ಬಂದು, ನೀನು ಬಿಚ್ಚಿಟ್ಟ ಟಿವಿಯೊಳಗೆ ಇಣುಕುತ್ತಿದ್ದಳು. "ಹತ್ತು ವರ್ಷ ಆಗ್ಲಿ, ನಿನಗೊಂದು ಕಂಪ್ಯೂಟರ್ ತರ್ತೀನಿ. ಆದ್ರ ಅದನ್ನ ನೀನ ಜೋಡಿಸ್ಬೇಕು" ಅಂತ ನೀನು ಹೇಳಿದ್ದು ನನಗೂ ಕೇಳಿಸಿತ್ತು. ನೀನು ಹೋಗಿ ಎಂಟು ತಿಂಗಳಾಯಿತು. ಆ ಮಾತನ್ನು ಬೇರೆ ಯಾರು ನಡೆಸಬೇಕಿತ್ತು, ಹೇಳು?

ಒಂದು ಭಾನುವಾರ ಅವಳನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋದೆ. ಅಂಗಡಿಯ ಹೆಣ್ಣುಮಗಳು ಎರಡು ಡಬ್ಬಿ ಮುಂದಿಟ್ಟಳು. ಒಂದು, ಪರದೆ ಕೂಡಿಯೇ ಇರುವ ಬಣ್ಣದ ಪುಟ್ಟ ಕಂಪ್ಯೂಟರ್. ಗುಂಡಿ ಒತ್ತಿದರೆ ಹಾಡುತ್ತದೆ, ಮಗ್ಗಿ ಕಲಿಸುತ್ತದೆ. ಇನ್ನೊಂದರಲ್ಲಿ ಅಂಗೈಯಷ್ಟು ಹಸಿರು ಬೋರ್ಡು, ಅದನ್ನು ಕೂರಿಸಲು ಪ್ಲಾಸ್ಟಿಕ್ ಗೂಡು, ಕೀಬೋರ್ಡು, ಮೌಸು, ವೈರುಗಳು, ಉಗುರಿನಷ್ಟು ಮೆಮರಿ ಕಾರ್ಡು, ಒಂದು ಪುಸ್ತಕ. ಎಲ್ಲ ಜೋಡಿಸಿ, ಟಿವಿಗೆ ಹಾಕಿ ನೋಡಬೇಕು. ನನ್ನ ಕೈ ಮೊದಲನೆಯದರ ಕಡೆಗೇ ಹೋಯಿತು. ಎರಡನೆಯದು ಕೆಟ್ಟರೆ ಯಾರನ್ನು ಕೇಳಲಿ? ಕೇಳಬೇಕಾದವನು ನೀನು...

"ಮನ್ಯಾಗ ಹೇಳಿಕೊಡೋರು ಯಾರರ ಅದಾರೇನ್ರಿ?" ಅಂದಳು ಅಂಗಡಿಯವಳು. ನಾಜಿಯಾ ಎರಡನೇ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. "ಪುಸ್ತಕ ಐತಲ್ರಿ, ಓದ್ಕೋತೀನಿ." ಆಮೇಲೆ ಬಣ್ಣದ ಕಂಪ್ಯೂಟರನ್ನು ತೋರಿಸಿ, ನನ್ನತ್ತ ತಿರುಗಿ, "ಅದು ಬ್ಯಾಡ್ರಿ ಕಾಕಾ. ಅದರ ಒಳಗಿಂದು ಏನೂ ಕಾಣಂಗಿಲ್ಲ" ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಊರು ಇನ್ನೂ ದೂರವಿತ್ತು. "ಕಾಕಾ, ಆವತ್ತು ಅಬ್ಬಾ ನಿಮ್ಮ ಅಂಗಡ್ಯಾಗ ಇದ್ರಲ್ಲ, ಏನಂದ್ರು?" ಅಂತ ಕೇಳಿದಳು.

ಆವತ್ತು ಮಧ್ಯಾಹ್ನ ನೀನು ಬಂದು ನನ್ನ ಬೆಂಚಿನ ಮೇಲೆ ಕೂತೆ. "ಬಸು, ಎದಿ ಹಿಡದಂಗ ಆಗೈತಿ" ಅಂತ ಹೇಳಿದೆ. ನಾನು ತಲೆ ಎತ್ತಲಿಲ್ಲ. ಮದುವೆ ಮನೆಯ ಹೆಂಗಸರ ಜಂಪರುಗಳನ್ನು ಸಂಜೆಯೊಳಗೆ ಹೊಲಿದು ಕೊಡಬೇಕಿತ್ತು. "ಮಿರ್ಚಿ ತಿಂದೀಯಲ್ಲ, ಪಿತ್ತ ಆಗಿರ್ತೈತಿ. ಸೋಡಾ ಕುಡಿ" ಎಂದುಬಿಟ್ಟೆ. ನೀನು ನನ್ನ ಮಾತು ಕೇಳಿ ಸೋಡಾ ಕುಡಿದು ಬಂದು ಮತ್ತೆ ಅಲ್ಲೇ ಕೂತೆ. ನಾನು ಇನ್ನೂ ಎರಡು ಜಂಪರು ಮುಗಿಸಿದೆ, ಇಮಾಮ್. ತಿರುಗಿ ನೋಡಿದಾಗ ನಿನ್ನ ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು. ಹಾವೇರಿಯ ಆಸ್ಪತ್ರೆ ಮುಟ್ಟುವ ಮೊದಲೇ, ಗಾಡಿಯಲ್ಲಿ, ನನ್ನ ತೊಡೆಯ ಮೇಲೆ... ಆ ಎರಡು ಜಂಪರಿನ ಹೊತ್ತು ಸಿಕ್ಕಿದ್ದರೆ ನೀನು ಉಳಿಯುತ್ತಿದ್ದೆಯೋ ಏನೋ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮಗುವಿಗೆ ಹೇಳಿಬಿಟ್ಟೆ. ಹೇಳಬಾರದಿತ್ತೇ? ಸುಳ್ಳು ಹೇಳಲೆಂದೇ ಬಾಯಿ ತೆರೆದೆ. ಆದರೆ ಅವಳು ಕಣ್ಣು ಕದಲಿಸದೆ ನನ್ನನ್ನೇ ನೋಡುತ್ತಿದ್ದಳು. "ಎದಿ ಹಿಡದಂಗ ಆಗೈತಿ ಅಂದ್ನವ್ವಾ ನಿಮ್ಮಪ್ಪ. ನಾ ಪಿತ್ತ ಅಂದೆ. ಲಗೂನ ದವಾಖಾನಿಗೆ ಒಯ್ಲಿಲ್ಲ. ತಪ್ಪು ನಂದು." ಅವಳು ಅಳಲಿಲ್ಲ. ಕಿಟಕಿಯ ಕಡೆ ಸರಿದು ಕೂತಳು. ಇಳಿಯುವಾಗ ಡಬ್ಬಿ ಹಿಡಿಯಲು ಕೈ ಚಾಚಿದೆ. ಕೊಡಲಿಲ್ಲ.

ಆಮೇಲೆ ಹದಿನೈದು ದಿನ ಅವಳು ನನ್ನ ಅಂಗಡಿಯ ಮುಂದೆ ಹಾಯಲಿಲ್ಲ. ಸುತ್ತು ಹಾಕಿಕೊಂಡು ಹಿಂದಿನ ಓಣಿಯಿಂದ ಶಾಲೆಗೆ ಹೋಗುತ್ತಿದ್ದಾಳೆಂದು ಯಾರೋ ಹೇಳಿದರು. ನಿನ್ನನ್ನು ಕಳೆದುಕೊಂಡಾಗಲೂ ಅಂಗಡಿ ತೆರೆದಿದ್ದೆ. ಈ ಹದಿನೈದು ದಿನಗಳಲ್ಲಿ ಎಷ್ಟೋ ಸಲ ಬಾಗಿಲು ತೆರೆಯಲೇ ಇಲ್ಲ.

ಮೊನ್ನೆ ನಾಜಿಯಾಳ ತಾಯಿ ಶಾಹಿನ್ ಭಾಬಿ ಬಂದರು. ಬಾಗಿಲಲ್ಲೇ ನಿಂತು, "ನಾಜಿಯಾ ಎಲ್ಲಾ ಹೇಳ್ಯಾಳ, ಬಸಣ್ಣ" ಅಂದರು. ಬಯ್ಯಲಿ ಅಂತ ಕಾದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದರು.

"ಮುಂಜಾನಿ ಮನ್ಯಾಗ ನನಗೂ ಹಂಗ ಅಂದಿದ್ರು. ನಾ ಜೀರಗಿ ನೀರು ಕೊಟ್ಟು ಅಂಗಡಿಗೆ ಕಳಿಸಿದೆ. ಇಷ್ಟು ದಿನ ನಾನೂ ಯಾರ ಮುಂದೂ ಅಂದಿದ್ದಿಲ್ಲ."

ಇಬ್ಬರಿಗೂ ಹೇಳಿದ್ದೆಯಾ ಇಮಾಮ್? ಇಬ್ಬರೂ ನಿನ್ನನ್ನು...

ಹೊರಡುವಾಗ ಭಾಬಿ, "ನಮ್ಮ ಟಿವಿ ಹಳೇದು, ಆ ಕಂಪ್ಯೂಟರಿನ ವೈರ್ ಅದಕ್ಕ ಕುಂದ್ರೂದಿಲ್ಲಂತ. ಅಕಿ ಡಬ್ಬಿ ಮುಂದ ಇಟ್ಕೊಂಡು ಸುಮ್ನ ಕುಂತಿರ್ತಾಳ" ಅಂದರು. ಯಾವ ಟಿವಿಗೆ ಹೊಂದುತ್ತದೆ ಎಂದು ಅಂಗಡಿಯಲ್ಲಿ ಕೇಳುವುದು ನನಗೆ ತೋಚಿಯೇ ಇರಲಿಲ್ಲ.

ನಿನ್ನೆ ಸಂಜೆ ನಮ್ಮ ಮನೆಯ ಟಿವಿಯನ್ನು ಚಾದರದಲ್ಲಿ ಸುತ್ತಿ, ಆಟೋದಲ್ಲಿ ನಿಮ್ಮ ಮನೆಗೆ ಒಯ್ದೆ. ನಾಜಿಯಾ ನನ್ನ ಮುಖ ನೋಡದೆ ವೈರು ಜೋಡಿಸಿದಳು. ಬೋರ್ಡಿನ ಮೇಲೆ ಕೆಂಪು ದೀಪ ಹತ್ತಿತು. ಟಿವಿ ಮಾತ್ರ ಕಪ್ಪಾಗಿಯೇ ಇತ್ತು. ಪುಸ್ತಕ ನೋಡಿದಳು, ಕಾರ್ಡು ತೆಗೆದಳು, ತಿರುವಿ ಹಾಕಿದಳು. ಮೂರನೆಯ ಸಲಕ್ಕೆ ಪರದೆಯ ತುಂಬ ಬೆಳಕು ಬಂತು. ಭಾಬಿ ಒಳಗೆ ಹೋಗಿಬಿಟ್ಟರು. ನಾನು ಗೋಡೆಗೆ ಆತು ನಿಂತಿದ್ದೆ.

"ನಿಂತೀರ್ಯಾಕ, ಕುಂದರ್ರಿ" ಅಂದಳು, ಪರದೆಯನ್ನೇ ನೋಡುತ್ತಾ. ಕಾಕಾ ಅನ್ನಲಿಲ್ಲ. ನಾನು ಕೂತೆ.

ಅವಳು ಪುಸ್ತಕದ ಮೊದಲನೇ ಪಾಠ ಮುಗಿಸಿ ಎರಡನೆಯದಕ್ಕೆ ಬಂದಿದ್ದಾಳೆ. ಟಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ವಾಪಸು ತರುವುದಿಲ್ಲ. ಅವಳು ಮಾತಾಡಲಿ, ಬಿಡಲಿ, ದಿನಾ ಸಂಜೆ ಹೋಗಿ ಕೂತು ಬರುತ್ತೇನೆ.

ನಿನ್ನ
ಬಸು