ಸರ್ಕಲ್ಲಿನಲ್ಲಿ ಕಂಡ ನೆತ್ತಿ

ಅಪ್ಪಾ,

ಫೋನು ಹುಡುಕಬೇಡ. ನಿನ್ನ ಪಿಕಪ್ಪಿನ ಹಿಂಬದಿಯಲ್ಲಿ, ಸ್ಪ್ಯಾನರ್ ಡಬ್ಬಿಯೊಳಗಿದೆ. ಇನ್ನು ಮೇಲೆ ಗಾಡಿ ಓಡಿಸುವಾಗ ಅದರ ಜಾಗ ಅಲ್ಲೇ.

ಕುರಿಮಾಂಸದ ಪೈ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊ. ಕೋಳಿಗಳಿಗೆ ನೀರಿಡು.

ನಾನು ಟಪಾಲು ಹಂಚುವ ಬೈಕು ಹತ್ತಿದ ಮೊದಲ ದಿನ ನೀನೇ ಹೇಳಿದ್ದೆ: "ಕಾರು ನೋಡ್ಬೇಡ ಮೆರಿನ್, ಡ್ರೈವರ್ ಕಣ್ಣು ನೋಡು. ಕಣ್ಣು ಕಾಣದೆ ನೆತ್ತಿ ಕಂಡ್ರೆ ಅವ್ನು ಫೋನಲ್ಲಿದಾನೆ ಅಂತ ಅರ್ಥ. ದಾರಿ ಬಿಟ್ಟು ಪಕ್ಕಕ್ಕೆ ಹೋಗ್ಬಿಡು."

ನಿನ್ನೆ ಬೇಕರಿ ಮುಂದಿನ ಸರ್ಕಲ್ಲಿನಲ್ಲಿ ಒಂದು ನೆತ್ತಿ ಕಂಡಿತು. ನಮ್ಮ ಬೆಂಡಿಗೋ ಊರಿನ ಬಿಸಿಲಿಗೆ ಉಜ್ಜಿಟ್ಟ ಕೆಟಲ್ಲಿನ ಹಾಗೆ ಥಳಥಳ ಹೊಳೆಯುತ್ತಿತ್ತು. ನಿನ್ನ ಮಾತಿನಂತೆ ಬೈಕನ್ನು ಫುಟ್‌ಪಾತಿಗೆ ಹತ್ತಿಸಿದೆ. ನಮ್ಮದೇ ಪಿಕಪ್ಪು ನನ್ನ ಟಪಾಲು ಚೀಲವನ್ನು ಸವರಿಕೊಂಡು ಹೋಯಿತು.

ಮರುಕ್ಷಣ ಜೇಬಿನಲ್ಲಿ ನನ್ನ ಫೋನು ಗುಂಯ್‌ಗುಟ್ಟಿತು. ನೀನು ಬರೆದಿದ್ದೆ: "ಹುಷಾರು ಮಗಳೇ, ರೋಡಲ್ಲಿ ಎಲ್ಲಾ ಕುರುಡರೇ."

ಬೈಯಬೇಕೆಂದುಕೊಂಡೆ, ನಗು ಬಂತು. ಆದರೆ ಊಟದ ಹೊತ್ತಿನವರೆಗೂ ಬೈಕನ್ನು ತಳ್ಳಿಕೊಂಡೇ ಟಪಾಲು ಹಂಚಿದೆ.

ಇವತ್ತೂ ಹತ್ತು ಗಂಟೆಗೆ ಅದೇ ಸರ್ಕಲ್ಲಿಗೆ ಬರುತ್ತೇನೆ. ನಿನ್ನ ನೆತ್ತಿಯನ್ನು ಮನೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಕಣ್ಣು ತೋರಿಸು.

ಮೆರಿನ್