ಮೊಂಬಾಸಾದಲ್ಲಿ ಕೆಮ್ಮಿದವರು

ಕೂಡಿದ ಮಹಾಜನಗಳೇ, ಪರದೆ ಏಳುವ ಹೊತ್ತಾಯಿತು! ಹಿಂದಿನವರು ಮಾತು ನಿಲ್ಲಿಸಿರಿ, ಮುಂದಿನವರು ತಲೆ ತಗ್ಗಿಸಿರಿ! ಅಭ್ಯಾಸಬಲ, ಮಕ್ತುಮ್ ಕಾಕಾ. ಸಭೆಯಲ್ಲಿ ಇರುವುದು ನೀವೊಬ್ಬರೇ. ಅದೂ ಮಣ್ಣಿನೊಳಗೆ ಎಂದುಕೊಂಡಿದ್ದೆ...

ದೊಡವಾಡದ ಆ ನಾಟಕ ನೆನಪಿದೆಯೇ? ನಾನು ಗದೆ ಎತ್ತಿ ಅಬ್ಬರಿಸಿದರೆ, ನೀವು ಕಟ್ಟಿದ ಆಂಪ್ಲಿಫೈಯರ್ ಆ ದನಿಯನ್ನು ಹೊಲದಾಚೆಗೆ ಒಯ್ದಿತು. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬರುತ್ತಿದ್ದ ಕಾಲ. ಬೈಲಹೊಂಗಲದಲ್ಲಿ ಇಬ್ಬರೂ ಸೇರಿ ಆಂಪ್ಲಿಫೈಯರ್ ಕಾರ್ಖಾನೆ ತೆರೆದೆವು. ಕೈ ನಿಮ್ಮದು, ಬಾಯಿ ನನ್ನದು.

ಪ್ರತಿ ಮಷೀನು ಹೊರಡುವ ಮುನ್ನ ನೀವು ಮೈಕು ಹಿಡಿದು ಒಮ್ಮೆ ಕೆಮ್ಮಿ, “ಬರ್ರಿ, ಕುಂತ್ರಿ” ಎನ್ನುತ್ತಿದ್ದಿರಿ. ಕಟ್ಟಿದವನ ದನಿಯೇ ಅದರೊಳಗೆ ಮೊದಲು ಹೋಗಬೇಕು ಎಂಬುದು ನಿಮ್ಮ ನೇಮ. ನಾನು ನಕ್ಕರೆ ಗದರುತ್ತಿದ್ದಿರಿ: “ನಗಬ್ಯಾಡಲೇ. ಬಾಯಿ ತೆರೀಲಾರದ ಮಷೀನು ಖಾಲಿ ಮನಿ ಇದ್ದಂಗ. ಯಾರರ ಬಂದು ಕುಂತಾರು.” ನೀವು ಹೋದ ಮೇಲೆ ಆ ಮೈಕು ಹಿಡಿಯಲು ನನಗೆ ಮನಸ್ಸಾಗಲಿಲ್ಲ, ಮಷೀನುಗಳನ್ನು ಹಾಗೇ ಕಳಿಸಿದೆ. ಮೊಂಬಾಸಾಕ್ಕೆ ಹೋದವೆಲ್ಲ ಮೊದಲ ದನಿ ಕಾಣದ ಮಷೀನುಗಳೇ.

ಹೌದು ಕಾಕಾ, ನಮ್ಮ ಮಷೀನು ಕಡಲು ದಾಟಿತು! ಅಲ್ಲಿನ ಗುಜರಾತಿ ವ್ಯಾಪಾರಿಯೊಬ್ಬ ಕೈಜೋಡಿಸಿದ. ಒಳಗಿನ ಭಾಗ ನಮ್ಮದು. ಮರದ ಪೆಟ್ಟಿಗೆ, ಗಿರಾಕಿ, ರಿಪೇರಿ, ಅಲ್ಲಿನ ಸರ್ಕಾರದ ಪರವಾನಗಿ ಅವನ ಪಾಲು. ನಾವೇ ಹೋಗಿದ್ದರೆ ಬಂದರಿನಲ್ಲೇ ಕಂಗಾಲಾಗುತ್ತಿದ್ದೆವು.

ನಿನ್ನೆ ಅವನೇ ಬಂದ. ಪಕ್ಕಾ ಕರಾರಿಗೆ ಸಹಿ ಹಾಕಲು ಎಂದುಕೊಂಡೆ, ಪೆನ್ನು ಮುಟ್ಟಲಿಲ್ಲ. ಮಷೀನು ಹಚ್ಚಿದೊಡನೆ, ಮೈಕಿನ ಮುಂದೆ ಯಾರೂ ಇಲ್ಲದಿದ್ದರೂ, ಒಬ್ಬ ಮುದುಕ ಕೆಮ್ಮುತ್ತಾನಂತೆ. ಆಮೇಲೆ ಎರಡು ಮಾತು. ಅಂಜಿದ ಗಿರಾಕಿಗಳು ಮಷೀನು ತಿರುಗಿ ತಂದಿಡುತ್ತಿದ್ದಾರಂತೆ. ಏನು ಮಾತು ಎಂದೆ. ಕನ್ನಡದ ಗಂಧವಿಲ್ಲದ ಆ ಮನುಷ್ಯ ನಿಮ್ಮದೇ ರಾಗದಲ್ಲಿ ಅಂದ: “ಬರ್ರಿ, ಕುಂತ್ರಿ.”

ಬೆಸುಗೆ ಹಾಕುವ ಬಸಪ್ಪ ಮಾತ್ರ, “ಕಾಕಾಗ ಪಾಸ್‌ಪೋರ್ಟ್ ಸೈತ ಬೇಡಾತು ನೋಡ್ರಿ” ಎಂದ.

ನಾಳೆ ಹೊಸ ಮಷೀನೊಂದನ್ನು ತನ್ನ ಕಣ್ಣೆದುರು ಹಚ್ಚಬೇಕು, ಅದೂ ಕೆಮ್ಮಿದರೆ ಕೂಡುವ್ಯಾಪಾರ ಮುಗಿದಂತೆ ಎಂದಿದ್ದಾನೆ ಆ ವ್ಯಾಪಾರಿ. ಆ ಮಷೀನು ಈಗ ನನ್ನೆದುರಿಗಿದೆ. ವೈರನ್ನು ಇನ್ನೂ ಗೋಡೆಗೆ ಸಿಕ್ಕಿಸಿಲ್ಲ. ಆದರೂ ಒಳಗೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ...

ಖಾಲಿ ಮನೆ ಕಾಯುತ್ತಿದ್ದೀರಾ, ಕಾಕಾ? ಬೇರೆ ಯಾರೂ ಬಂದು ಕೂಡಬಾರದೆಂದು?

ನಾಳೆ ಬೆಳಿಗ್ಗೆ, ಅವನು ಬರುವ ಮೊದಲೇ, ನಾನು ಮೈಕು ಹಿಡಿಯುತ್ತೇನೆ. ನಿಮ್ಮಂತೆಯೇ ಒಮ್ಮೆ ಕೆಮ್ಮುತ್ತೇನೆ. ಮೊದಲ ಮಾತು ನಿಮಗೇ ಹೇಳುತ್ತೇನೆ: “ನೀವು ಏಳ್ರಿ, ಕಾಕಾ. ಇನ್ನ ನಾ ಕುಂಡ್ರತೇನಿ.”