ನೆಲ ಮುಟ್ಟದ ಬಿಲ್ವದ ಹಣ್ಣು

ಹೊನ್ನಾಳಿ
೧೭ ಏಪ್ರಿಲ್ ೨೦೨೫, ಗುರುವಾರ

ಪ್ರೀತಿಯ ಅಪ್ಪಾಜಿಗೆ, ಮಗಳು ಸಂಧ್ಯಾರಾಣಿಯ ನಮಸ್ಕಾರಗಳು.

ಕೆಮ್ಮು ಹೇಗಿದೆ? ಮಠದಲ್ಲಿ ನಸುಕಿಗೇ ತಣ್ಣೀರು ಸ್ನಾನವಂತೆ. ಬೇಡ, ನಾಚಿಕೆಪಡದೆ ಬಿಸಿನೀರು ಕೇಳಿ. ಮನೆಯಲ್ಲಿ ನೀರು ಸ್ವಲ್ಪ ಆರಿದ್ದರೂ ಬಚ್ಚಲಿನಿಂದಲೇ ಕೂಗಾಡುತ್ತಿದ್ದವರು ನೀವು. ಇಷ್ಟನ್ನು ಮಗಳಾಗಿ ಕೇಳಿದೆ. ಮುಂದಿನದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಪೂರ್ತಿ ಓದಿ. ಸೇವೆಗೆ ನಿಂತವನಿಗೆ ಯಾಕೆ ಎಂದು ಫೋನನ್ನೂ ಬಿಟ್ಟು ಹೋದಿರಿ, ಹಾಗಾಗಿ ಕಾಗದವೇ ಗತಿ.

ಜಗಳೂರಿನಾಚೆಯ ಆ ಮಠಕ್ಕೂ ನಮ್ಮ ಮನೆಗೂ ನಡುವೆ ಸಮುದ್ರವೇನಿಲ್ಲ, ದಾವಣಗೆರೆಯಲ್ಲಿ ಬಸ್ಸು ಬದಲಿಸಿದರೆ ಆಯಿತು. ಆದರೂ ಎರಡು ವರ್ಷದಲ್ಲಿ ನಿಮ್ಮಿಂದ ಬಂದ ಮೊದಲ ಸುದ್ದಿ ಎಂದರೆ ಮಠಕ್ಕೆ ಬಂದು ಹೋಗುವ ಗುರುಬಸವರಾಜ್ ಮಾಮ ಹೋದ ವಾರ ತಂದದ್ದು. "ಸ್ವಾಮಿಗಳಿಗೆ ಹೊಟ್ಟೆ ಸರಿ ಇಲ್ಲಮ್ಮ. ಹಿತ್ತಲ ಬಿಲ್ವದ ಹಣ್ಣು ಕಳಿಸಾಕೆ ನಿಮ್ಮಪ್ಪ ಹೇಳ್ಯಾರೆ. ನೆಲಕ್ಕೆ ಬೀಳದಂಗೆ ಕೀಳಬೇಕಂತೆ." ಅಷ್ಟೇ. ಅಮ್ಮನ ಬಗ್ಗೆ ಏನಾದರೂ ಕೇಳಿದರಾ ಅಂದೆ. ಮಾಮ ಹೆಗಲ ಟವೆಲ್ಲು ಸರಿಮಾಡಿಕೊಂಡು ಬಸ್ಸಿನ ಹೊತ್ತು ಕೇಳಿದರು.

ಹೊಟ್ಟೆ ಹೇಗೆ ಕೆಟ್ಟಿದೆ ಎಂದಾದರೂ ಹೇಳಿ ಕಳಿಸಬಾರದಿತ್ತೇ? ಆ ಮರ ನೆಟ್ಟಿರಿ, ಸೋಮವಾರಕ್ಕೆ ಪತ್ರೆ ಕಿತ್ತಿರಿ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಹಣ್ಣಿನ ಗೊಡವೆಯೆಲ್ಲ ಅಮ್ಮನದು. ಭೇದಿಯಾದರೆ ಹಸಿರು ಕಾಯಿಯನ್ನೇ ಬಿಲ್ಲೆ ಹೆಚ್ಚಿ, ನೆರಳಲ್ಲಿ ಒಣಗಿಸಿ, ಭರಣಿಯಲ್ಲಿ ಹಾಕಿಟ್ಟು ಕುದಿಸಿ ಕೊಡುತ್ತಾಳೆ. ಹೊಟ್ಟೆ ಕಟ್ಟಿದ್ದರೆ ಹಳದಿ ತಿರುಗಿದ ಹಣ್ಣು ಒಡೆದು, ಅಂಟು ಬೀಜ ಸೋಸಿ, ಬೆಲ್ಲ ಏಲಕ್ಕಿ ಹಾಕಿ ಪಾನಕ. ಪ್ರತಿ ಬೇಸಿಗೆಯಲ್ಲಿ ನೀವು ಲೋಟ ಬಳಿದು ಕುಡಿಯುತ್ತಿದ್ದುದು ಅದೇ. ಬೇಲದ ಹಣ್ಣಿನ ಹಾಗೆ ಇದನ್ನು ನೆಲಕ್ಕೆ ಕುಕ್ಕಿ ಪರೀಕ್ಷಿಸುವಂತಿಲ್ಲ, ಏಟು ಬಿದ್ದ ಕಡೆ ಒಳಗೇ ಕೊಳೆಯುತ್ತದೆ. ನ್ಯಾಮತಿಯ ಚಿಕ್ಕಮ್ಮ ಕೊಟ್ಟ ಕಸಿ ಗಿಡದ್ದು ತೆಂಗಿನಕಾಯಿಯಷ್ಟು ದಪ್ಪ, ತಿರುಳೂ ಸಿಹಿ, ಆದರೆ ಸಿಪ್ಪೆ ತೆಳು, ಬೇಗ ಬಿರಿಯುತ್ತದೆ. ನಿಮ್ಮ ನಾಟಿ ಮರದ್ದು ಸಣ್ಣದಾದರೂ ಗಟ್ಟಿ, ಭತ್ತದ ಹುಲ್ಲಿನಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಇಷ್ಟೆಲ್ಲವನ್ನೂ ಅಮ್ಮ ಇವತ್ತು ಮಲಗಿದಲ್ಲಿಂದಲೇ ಹೇಳಿ, ಮನೆಯಿಂದ ಹಣ್ಣು ಹುಲ್ಲು ತರಿಸಿ ಬುಟ್ಟಿ ತುಂಬಿಸಿದಳು. ಮಲಗಿದ್ದು ಆಸ್ಪತ್ರೆಯ ಮಂಚದ ಮೇಲೆ.

ಪಕ್ಕದ ಮನೆಯ ಮಾರುತೇಶಣ್ಣ ಬಿದಿರ ಗಳುವಿಗೆ ಬಲೆ ಕಟ್ಟಿ ಕಿತ್ತುಕೊಡುತ್ತೇನೆ ಅಂದಿದ್ದರು. ತಪ್ಪಿ ಒಂದು ಕೆಳಗೆ ಬಿದ್ದರೂ ನೀವು ನೊಂದುಕೊಳ್ಳುತ್ತೀರಿ ಎಂದು ಅಮ್ಮ ಒಪ್ಪಲಿಲ್ಲ. ಮೊನ್ನೆ ನಾನು ಅಂಗಡಿಗೆ ಹೋದ ಮೇಲೆ ಏಣಿ ಹಾಕಿ ತಾನೇ ಹತ್ತಿದ್ದಾಳೆ, ಈ ವಯಸ್ಸಿನಲ್ಲಿ, ಆ ಮಂಡಿ ನೋವಿನಲ್ಲಿ. ಮಡಿಲ ತುಂಬ ಹಣ್ಣು ಕಟ್ಟಿಕೊಂಡು ಇಳಿಯುವಾಗ ಏಣಿ ಜಾರಿತು. ನಿಮ್ಮ ಹಣ್ಣು ಒಂದೂ ನೆಲ ಮುಟ್ಟಲಿಲ್ಲ ಅಪ್ಪಾಜಿ. ಅಮ್ಮ ಬಿದ್ದಳು. ನಾನು ಅಂಗಡಿಯಿಂದ ಬಂದು ನೋಡಿದಾಗ ಎರಡೂ ಕೈಯಲ್ಲಿ ಮಡಿಲು ಅವುಚಿಕೊಂಡು ಬಿದ್ದಿದ್ದಳು. "ಮೊದ್ಲು ಇವನ್ನ ಬುಟ್ಟಿಗೆ ಹಾಕು, ಆಮೇಲೆ ನನ್ನ ಎತ್ತು" ಅಂದಳು. ಸೊಂಟದ ಮೂಳೆ ಮುರಿದಿದೆ. ಆ ಹೊತ್ತು ನಿಮ್ಮ ಮೇಲೆ ಬಂದ ಕೋಪ ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನೋವಿನಲ್ಲೂ ಅವಳಿಗೆ ಒಂದೇ ಚಿಂತೆ. "ಅವರಿಗೆ ಸುದ್ದಿ ಮುಟ್ಟಿಸಬ್ಯಾಡ, ಸೇವೆ ಕೆಡ್ತೈತೆ. ಹಣ್ಣು ಅಷ್ಟೇ ಕಳಿಸು." ಯಾರ ಸೇವೆ ಅಪ್ಪಾಜಿ? ನಿಮ್ಮ ಊಟ, ನಿಮ್ಮ ಸ್ನಾನ, ನಿಮ್ಮ ಪೂಜೆಯ ಹೂವು, ಮೂವತ್ತು ವರ್ಷ ಅವಳು ಮಾಡಿದ್ದಕ್ಕೆ ಏನು ಹೆಸರು? ಈಗ ಬೆಡ್‌ಪ್ಯಾನ್ ಇಡಲು ನನ್ನನ್ನು ಕರೆಯುವುದಕ್ಕೂ ಅವಳಿಗೆ ಸಂಕೋಚ.

ಸ್ವಾಮಿಗಳಿಗೆ ನನ್ನ ಶರಣು ಹೇಳಿ, ಬೇಗ ಗುಣವಾಗಲಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಎದೆಗೆ ಬಟ್ಟೆ ಸುತ್ತಿಕೊಂಡೇ ಮಲಗಿ.

ನಿಮ್ಮ ಮೇಲೆ ಸಿಟ್ಟಾಗಿರುವ ಮಗಳು,
ಸಂಧ್ಯಾರಾಣಿ

ತಾ.ಕ.: ಮಾಮ ಹೊರಗೆ ಕಾಯುತ್ತಿದ್ದಾರೆ. ಅವರ ಕೈಯಲ್ಲಿ ಈ ಕಾಗದ ಮಾತ್ರ ಕೊಡುತ್ತಿದ್ದೇನೆ, ಹಣ್ಣು ಕೊಡುತ್ತಿಲ್ಲ. ಅಮ್ಮ ನಿದ್ದೆ ಹೋದಾಗ ಬುಟ್ಟಿಯನ್ನು ಅವಳ ಮಂಚದ ಕೆಳಗೆ ತಳ್ಳಿಟ್ಟಿದ್ದೇನೆ. ಸೋಮವಾರ ದಾವಣಗೆರೆಯ ಡಾಕ್ಟರು ಇಲ್ಲಿಗೇ ಬಂದು ಆಪರೇಷನ್ ಮಾಡುತ್ತಾರೆ. ನಿಮಗೆ ಹಣ್ಣು ಬೇಕಿದ್ದರೆ ಅಷ್ಟರೊಳಗೆ ಬಂದು, ಅವಳ ಎದುರಿಗೆ ಬಗ್ಗಿ ಎತ್ತಿಕೊಳ್ಳಿ.